ಘನಿಯಾ ಅತ್ತೆ ಕುಡಿದ ಕಾಫಿ

“ಇನ್ನೊಂದ್ಸಲ ಹೇಳು ರಯ್ಯಾ. ‘ಒಂದು ಹನಿಯನ್ನೂ’ ಅನ್ನೋವಾಗ ಬೆರಳು ಮೇಲೆತ್ತು,” ಎಂದರು ಬದ್ರಿಯಾ ಮೇಡಂ.

ರಯ್ಯಾ ಬೆರಳೆತ್ತಿದಳು. “ನನ್ನ ಅತ್ತೆ ಘನಿಯಾ ದೊಡ್ಡ ಮರಳುಗಾಡನ್ನು ಒಬ್ಬರೇ ನಡೆದು ದಾಟಿದರು. ಯಾರಿಂದಲೂ ಒಂದು ತುತ್ತನ್ನೂ ತಿನ್ನಲಿಲ್ಲ, ಒಂದು ಹನಿಯನ್ನೂ ಕುಡಿಯಲಿಲ್ಲ.”

“ಭೇಷ್. ಬೆರಳು ಇನ್ನೂ ಸ್ವಲ್ಪ ಮೇಲೆ. ಟಿವಿಯವರು ಬರ್ತಾರೆ.”

ಮೇಡಂ ಮರಳುಗಾಡಿನಂಚಿನ ಇಬ್ರಿ ಊರಿನಲ್ಲಿ ರಯ್ಯಾ ಓದುವ ಶಾಲೆಯ ಪ್ರಿನ್ಸಿಪಾಲ್. ಮರುದಿನ ಶಾಲೆಯಲ್ಲಿ ಘನಿಯಾ ಅತ್ತೆಗೆ ಸನ್ಮಾನ. ತಿನ್ನುವುದು, ಕುಡಿಯುವುದು ಎಲ್ಲವನ್ನೂ ಒಂದು ಕೈಗಾಡಿಯಲ್ಲಿ ಹೇರಿಕೊಂಡು, ದಾರಿಯಲ್ಲಿ ಯಾರಿಂದಲೂ ಏನನ್ನೂ ಪಡೆಯದೆ ಆ ಮರಳನ್ನು ದಾಟಿದ ಮೊದಲ ಅರಬ್ ಹೆಂಗಸು ಎಂಬ ರೆಕಾರ್ಡ್ ಅವಳ ಹೆಸರಿಗೆ ಬರುವುದಿತ್ತು. ಹೊರಟಾಗ ಊರೆಲ್ಲ ಅವಳಿಗೆ ತಲೆ ಕೆಟ್ಟಿದೆ ಎಂದಿತ್ತು. ಈಗ ಅದೇ ಊರಲ್ಲಿ ಅವಳಿಗೆ ನಡೆಯಲು ಕಲಿಸಿದ್ದು ತಾವೇ ಎನ್ನದ ಮನೆ ಇರಲಿಲ್ಲ.

ವೇದಿಕೆಯ ತುಂಬಾ ನೀರಿನ ಕಂಪನಿಯ ಬ್ಯಾನರುಗಳು. ಹೊರಡುವಾಗ ಅತ್ತೆಯ ಕೈಗಾಡಿಗೆ ನೀರು ತುಂಬಿಸಿ ಕೊಟ್ಟಿದ್ದು ಆ ಕಂಪನಿ. ಬ್ಯಾನರಿನಲ್ಲಿ ಅತ್ತೆಯ ಚಿತ್ರ ಚಿಕ್ಕದಾಗಿಯೂ ಬಾಟಲಿ ದೊಡ್ಡದಾಗಿಯೂ ಇತ್ತು. ಕೆಳಗೆ, ‘ನಮ್ಮ ನೀರಿದ್ದರೆ ಬೇರೇನೂ ಬೇಡ’ ಎಂದು ಬರೆದಿತ್ತು.

“ಎಲ್ಲಾ ಸುಳ್ಳು ಕಣೇ,” ಎಂದು ಒಂದು ಮರಳುದಿಬ್ಬ ಪಿಸುಗುಟ್ಟಿತು. ಕಂದು ಬೆಡ್‌ಶೀಟ್ ಹೊದ್ದು ಕುಳಿತಿದ್ದ ಶಮ್ಸಾ ಅದು. ರಯ್ಯಾಗೆ ಮಾತು, ತನಗೆ ದಿಬ್ಬದ ಪಾತ್ರ ಎಂದು ಅವಳಿಗೆ ಹೊಟ್ಟೆಯುರಿ. “ಸ್ವಲ್ಪ ದೂರ ಕಾರಲ್ಲಿ ಹೋಗಿರ್ತಾರೆ. ಆಮೇಲೆ ಇಳಿದು ಫೋಟೋ ತೆಗೆಸ್ಕೊಂಡಿರ್ತಾರೆ.”

“ದಿಬ್ಬ ಮಾತಾಡಲ್ಲ. ಸುಮ್ನಿರು.”

“ಹಾಗಾದ್ರೆ ಆಣೆ ಮಾಡು. ಒಂದು ಹನೀನೂ ಕುಡಿದಿಲ್ಲ ಅಂತ.”

“ಆಣೆ,” ಎಂದಳು ರಯ್ಯಾ, ಹಿಂದೆ ಮುಂದೆ ನೋಡದೆ.

ಸಂಜೆ ಮನೆಯಲ್ಲಿ ಘನಿಯಾ ಅತ್ತೆ ಉಪ್ಪು ನೀರಿನ ಟಬ್ಬಿನಲ್ಲಿ ಕಾಲಿಟ್ಟು ಕುಳಿತಿದ್ದಳು. ಹಿಮ್ಮಡಿ ಒಡೆದು, ಎರಡು ಬೆರಳಿನ ಉಗುರು ಉದುರಿತ್ತು. ಅಜ್ಜಿ ಪಕ್ಕದಲ್ಲಿ ಕುಳಿತು ಕಾಲಿಗೆ ಕಟ್ಟಲು ಬಟ್ಟೆಯ ಪಟ್ಟಿಯನ್ನು ಸುರುಳಿ ಸುತ್ತುತ್ತಿದ್ದರು. ಹಮೂದ್, ಅಂದರೆ ರಯ್ಯಾಳ ಅಪ್ಪ, ಮೊಬೈಲಿನಲ್ಲಿ ತಂಗಿಯ ಸುದ್ದಿಗೆ ಎಷ್ಟು ಲೈಕ್ ಬಂದಿದೆ ಎಂದು ಎಣಿಸುತ್ತಿದ್ದ.

ರಯ್ಯಾ ಅವರೆದುರು ನಿಂತು ಇಡೀ ಮಾತನ್ನು ಒಪ್ಪಿಸಿದಳು. ಬೆರಳನ್ನೂ ಮರೆಯಲಿಲ್ಲ.

“ಚೆನ್ನಾಗಿದೆ ಪುಟ್ಟಿ,” ಎಂದಳು ಅತ್ತೆ. “ಆ ಕೊನೇ ಸಾಲು ಮಾತ್ರ ಬಿಟ್ಟುಬಿಡು. ನಾನು ಕಾಫಿ ಕುಡಿದೆ.”

ಅಪ್ಪನ ಮೊಬೈಲ್ ತೊಡೆಯ ಮೇಲೆ ಬಿತ್ತು. “ಎಲ್ಲಿ?”

“ಮರಳಲ್ಲೇ. ಒಂದು ಟೆಂಟಿತ್ತು. ಒಬ್ರೇ ಅಜ್ಜಿ, ಒಂದಷ್ಟು ಒಂಟೆ. ದೂರದಿಂದ ನನ್ನ ನೋಡಿ ಓಡಿ ಬಂದ್ರು, ಪಾಪ.”

“ಬೇಡ ಅನ್ನೋಕೆ ಬಾಯಿರ್ಲಿಲ್ವಾ ನಿಂಗೆ?”

“ಅಂದೆ ಅಣ್ಣ. ಅಂದಿದ್ದಕ್ಕೆ ಆ ಅಜ್ಜಿ ಹೂಜಿ ಕೆಳಗಿಟ್ಟುಬಿಟ್ರು. ‘ನಮ್ಮಿಂದ ಏನು ತಪ್ಪಾಯ್ತು ಮಗಳೇ? ನಿಂಗೇನು ಬೇಕು ಹೇಳು, ಅದನ್ನ ಕೊಟ್ಟೇ ಕಾಫಿ ಕೊಡ್ತೀನಿ’ ಅಂದ್ರು. ನಂಗೆ ರೆಕಾರ್ಡ್ ಬೇಕು ಅಂತ ಅವರ ಹತ್ರ ಹೆಂಗೆ ಹೇಳಲಿ?”

ಅಜ್ಜಿ ಪಟ್ಟಿ ಸುತ್ತುವುದನ್ನು ನಿಲ್ಲಿಸಲಿಲ್ಲ. “ಕುಡೀದೆ ಬಂದಿದ್ರೆ ನಾನು ನಿನ್ನನ್ನ ಒಳಗೆ ಬಿಡ್ತಿರ್ಲಿಲ್ಲ,” ಎಂದರು.

ಅಲ್ಲಿನ ರೂಢಿಯಲ್ಲಿ ಮೊದಲ ಕಪ್ಪು ಕಾಫಿ ಬೇಡವೆಂದ ಅತಿಥಿಗೆ ಮನೆಯವರ ಮೇಲೆ ಏನೋ ಸಿಟ್ಟಿದೆ, ಇಲ್ಲವೇ ಕೇಳಬೇಕಾದ್ದು ಏನೋ ಇದೆ ಎಂದೇ ಅರ್ಥ. ಇದು ಅಪ್ಪನಿಗೆ ಗೊತ್ತಿಲ್ಲದ ಸಂಗತಿಯೇನೂ ಆಗಿರಲಿಲ್ಲ. ಕರೆಂಟ್ ಬಿಲ್ ಕೊಡಲು ಬಂದವನನ್ನೂ ಕಾಫಿ ಕುಡಿಸದೆ ಕಳಿಸಿದವನಲ್ಲ ಅವನು. ಆದರೆ ಆ ಹೊತ್ತಿಗೆ ಅವನು ತಂಗಿಯ ವಕೀಲನಾಗಿಬಿಟ್ಟಿದ್ದ.

“ಕಪ್ಪು ಎಷ್ಟು ದೊಡ್ಡದಿತ್ತು?”

“ಎಲ್ಲಾ ಕಡೆ ಇರೋ ಅಷ್ಟೇ. ಎರಡು ಗುಟುಕು.”

“ಅದನ್ನ ಕುಡಿಯೋದು ಅಂತಾರಾ? ನಾಲಿಗೆ ಒದ್ದೆ ಆಯ್ತು ಅಷ್ಟೆ. ರೂಲ್ಸಲ್ಲಿ ಕಾಫಿ ಅಂತ ಬರ್ದಿದ್ಯಾ?”

“‘ಏನನ್ನೂ’ ಅಂತ ಬರ್ದಿದೆ. ರೆಕಾರ್ಡಿನವರಿಗೆ ಬೆಳಿಗ್ಗೇನೇ ಫೋನ್ ಮಾಡಿ ಹೇಳಿಬಿಟ್ಟೆ. ರೆಕಾರ್ಡ್ ಇಲ್ಲ ಅಂದ್ರು.”

ಅಪ್ಪ ತಲೆಯ ಮೇಲೆ ಕೈಹೊತ್ತು ಕುಳಿತ. ಸ್ವಲ್ಪ ಹೊತ್ತಿಗೆ ಮುಖ ಅರಳಿತು. “ಆಗಲಿ, ಆ ರೆಕಾರ್ಡಿನವರೆಲ್ಲೋ ದೂರ ಇದ್ದಾರೆ. ನಾಳೆ ಒಂದಿನ ಕಳೀಲಿ. ರಯ್ಯಾ, ನೀನು ಮೇಡಂ ಹೇಳಿಕೊಟ್ಟಿದ್ದನ್ನೇ ಹೇಳು. ಮನೆ ಮಾನದ ಪ್ರಶ್ನೆ.”

ರಯ್ಯಾ ಅತ್ತೆಯ ಕಡೆ ತಿರುಗಿದಳು. “ನಾನೇನು ಹೇಳ್ಲಿ ಅತ್ತೆ?”

“ಸುಳ್ಳು ಹೇಳು ಅಂತ ನಾನು ಹೇಳಲ್ಲ. ನಿಜ ಹೇಳು ಅಂತ ಬಲವಂತಾನೂ ಮಾಡಲ್ಲ. ಬೈಸ್ಕೊಳ್ಳೋಳು ನೀನು.”

ರಯ್ಯಾಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಅಷ್ಟು ದೂರ ನಡೆದವಳಿಗೆ ಒಬ್ಬ ಮುದುಕಿಗೆ ಬೇಡ ಎಂದು ಹೇಳಿ ಮುಂದೆ ಹೋಗಲು ಆಗಲಿಲ್ಲವೇ? ಈಗ ನಿಜ ಹೇಳಿದರೆ ಶಮ್ಸಾ ವರ್ಷವಿಡೀ ಬಿಡುವುದಿಲ್ಲ. ಹೇಳದಿದ್ದರೆ ಅತ್ತೆಯ ಎದುರಿಗೇ ಸುಳ್ಳು ಹೇಳಬೇಕು. ಅವಳು ಅತ್ತೆಯ ಜೊತೆ ಮಾತು ಬಿಟ್ಟು ಮಲಗಲು ಹೋದಳು.

ಮರುದಿನ ಹಾಲ್ ಕಿಕ್ಕಿರಿದಿತ್ತು. ಬದ್ರಿಯಾ ಮೇಡಂ ಮೊದಲು ಮಾತಾಡಿದರು. ಈ ಶಾಲೆಯಲ್ಲಿ ಓದುವಾಗಲೇ ಘನಿಯಾಳ ಕಾಲಿನಲ್ಲಿದ್ದ ಶಕ್ತಿಯನ್ನು ತಾವು ಗುರುತಿಸಿದ್ದಾಗಿ ಹೇಳಿದರು. ಅದು ನಿಜವೂ ಹೌದು. ಕುಳಿತಲ್ಲಿ ಕೂರುವುದಿಲ್ಲವೆಂದು ಅವಳನ್ನು ದಿನಾ ಕ್ಲಾಸಿನ ಹೊರಗೆ ನಿಲ್ಲಿಸುತ್ತಿದ್ದವರು ಅವರೇ. ಆಮೇಲೆ ನೀರಿನ ಕಂಪನಿಯ ಮ್ಯಾನೇಜರ್ ತಲಾಲ್ ಬಂದರು. ಅವರ ಭಾಷಣ ಕೇಳಿದವರಿಗೆ ಮರಳುಗಾಡನ್ನು ದಾಟಿದ್ದು ಬಾಟಲಿ, ಅತ್ತೆ ಅದರ ಹಿಂದೆ ಹೋದಳು ಅನ್ನಿಸುವಂತಿತ್ತು.

ರಯ್ಯಾ ಮೈಕಿನ ಮುಂದೆ ನಿಂತಳು. ಪಕ್ಕದಲ್ಲಿ ದಿಬ್ಬವು ಬೆಡ್‌ಶೀಟಿನ ಸಂದಿಯಿಂದ ಒಂದು ಕಣ್ಣು ಬಿಟ್ಟು ನೋಡುತ್ತಿತ್ತು. ಮುಂದಿನ ಸಾಲಿನಲ್ಲಿ ಅತ್ತೆ, ಪಟ್ಟಿ ಸುತ್ತಿದ ಕಾಲನ್ನು ಯಾರಿಗೂ ಕಾಣದಂತೆ ಕುರ್ಚಿಯಡಿ ಎಳೆದುಕೊಂಡು ಕುಳಿತಿದ್ದಳು. ಹೂಂ ಎಂದೂ ಸನ್ನೆ ಮಾಡಲಿಲ್ಲ, ಊಹೂಂ ಎಂದೂ ಮಾಡಲಿಲ್ಲ.

“ನನ್ನ ಅತ್ತೆ ಘನಿಯಾ ದೊಡ್ಡ ಮರಳುಗಾಡನ್ನು ಒಬ್ಬರೇ ನಡೆದು ದಾಟಿದರು. ಯಾರಿಂದಲೂ…”

ಅಭ್ಯಾಸಬಲದಿಂದ ಬೆರಳು ಮೇಲೆ ಹೋಯಿತು. ಮೇಡಂ ಸದ್ದಿಲ್ಲದೆ ತುಟಿಯಲ್ಲೇ ‘ಒಂದು ತುತ್ತನ್ನೂ’ ಎಂದು ತೋರಿಸಿದರು.

“ಅಲ್ಲಿ ಒಂದು ಟೆಂಟಿತ್ತು,” ಎಂದಳು ರಯ್ಯಾ. “ಒಬ್ಬರು ಅಜ್ಜಿ ಇದ್ದರು. ಕಾಫಿ ಕೊಟ್ಟರು. ಅತ್ತೆ ಕುಡಿದರು. ಅದಕ್ಕೆ ರೆಕಾರ್ಡ್ ಸಿಗಲಿಲ್ಲ.”

ಬೆರಳನ್ನು ಇಳಿಸುವುದೂ ಅವಳಿಗೆ ತೋಚಲಿಲ್ಲ.

ಹಿಂದಿನ ಸಾಲಿನಿಂದ ಒಬ್ಬರು ಮುದುಕಿ ಎದ್ದು ನಿಂತರು. “ಬರೀ ಕಾಫೀನಾ? ಖರ್ಜೂರ ಕೊಡ್ಲಿಲ್ವಾ?”

ಅತ್ತೆ ತಿರುಗಿದಳು. “ಕೊಟ್ರು ಅಜ್ಜಿ. ತಿಂದೆ.”

“ಹಾಂ, ಮತ್ತೆ,” ಎಂದು ಮುದುಕಿ ಸಮಾಧಾನದಿಂದ ಕುಳಿತರು. ಅವರ ಸುತ್ತಲಿನ ಹೆಂಗಸರೆಲ್ಲ ತಲೆಯಾಡಿಸಿದರು. ಮರಳುದಿಬ್ಬ ನಕ್ಕು ನಕ್ಕು ಒಂದು ಪಕ್ಕಕ್ಕೆ ಉರುಳಿತು. ಬದ್ರಿಯಾ ಮೇಡಂ ಓಡಿ ಬಂದು ಮೈಕ್ ಹಿಡಿದು, ಇದೇ ಮಾತನ್ನು ತಾವು ಕೊನೆಯಲ್ಲಿ ಹೇಳಬೇಕೆಂದಿದ್ದಾಗಿ ತಿಳಿಸಿದರು.

ಮ್ಯಾನೇಜರ್ ತಲಾಲ್ ಯಾರ ಜೊತೆಗೂ ಮಾತಾಡದೆ ಎದ್ದರು. ಅವರ ಹುಡುಗರು ಬ್ಯಾನರ್ ಸುತ್ತತೊಡಗಿದರು.

ರಯ್ಯಾ ವೇದಿಕೆ ಇಳಿದು ಬಾಗಿಲ ಕಡೆ ಹೋದಳು. ಬಂದವರಿಗೆ ಕಾಫಿ ಕೊಡುವ ಕೆಲಸ ಅಪ್ಪನದಾಗಿತ್ತು. ಎಡಗೈಯಲ್ಲಿ ಹೂಜಿ, ಬಲಗೈಯಲ್ಲಿ ಕಪ್ಪು ಹಿಡಿದು ಅವನು ಬಾಗಿಲಲ್ಲಿ ನಿಂತಿದ್ದ. ಮಗಳನ್ನು ಕಂಡದ್ದೇ ಮುಖ ಬಿಗಿದುಕೊಂಡ. “ಮನೆಗೆ ಬಾ, ಮಾತಾಡ್ತೀನಿ,” ಎಂದ.

ಅಷ್ಟರಲ್ಲಿ ಮ್ಯಾನೇಜರ್ ಬಂದರು. ಅಪ್ಪ ಸಿಟ್ಟನ್ನೆಲ್ಲ ಅಲ್ಲೇ ಬಿಟ್ಟು, ನಗುನಗುತ್ತಾ ಕಾಫಿ ಬಗ್ಗಿಸಿ ಮುಂದೆ ಚಾಚಿದ. “ಬನ್ನಿ, ಕುಡೀರಿ.”

“ಬೇಡ ಬೇಡ, ಟೈಮಿಲ್ಲ,” ಎಂದು ಮ್ಯಾನೇಜರ್ ಮೊಬೈಲಿನಿಂದ ಕಣ್ಣೆತ್ತದೆ ಹೊರಗೆ ನಡೆದರು.

ಅಪ್ಪನ ಕೈ ಚಾಚಿದಂತೆಯೇ ಇತ್ತು. ಕಪ್ಪಿನಿಂದ ಹಬೆ ಏಳುತ್ತಿತ್ತು. ಅವನು ಕಪ್ಪನ್ನು ನೋಡಿದ, ಹೋದವರ ಬೆನ್ನನ್ನು ನೋಡಿದ. “ನಾನೇನು ಮಾಡ್ದೆ ಅವ್ರಿಗೆ?” ಎಂದ, ತನ್ನಷ್ಟಕ್ಕೆ.

ಅಪ್ಪನ ಮುಖ ಹಾಗೆ ಸಣ್ಣದಾಗಿದ್ದನ್ನು ರಯ್ಯಾ ಎಂದೂ ನೋಡಿರಲಿಲ್ಲ. ಆ ಟೆಂಟಿನಲ್ಲಿ ಅತ್ತೆಯ ಎದುರಿಗಿದ್ದದ್ದೂ ಇಂಥದೇ ಮುಖವಿರಬೇಕು. ಅದನ್ನು ನೋಡಿಕೊಂಡು ಮುಂದೆ ನಡೆಯಲು ರಯ್ಯಾಳ ಕಾಲಿಗೂ ಆಗಲಿಲ್ಲ.

“ನಂಗೆ ಕೊಡಪ್ಪ,” ಎಂದು ಅವಳು ಕೈ ಚಾಚಿದಳು.

“ಕಹಿ ಕಣೇ. ನಿಂಗೆ ಸೇರಲ್ಲ.”

“ಕೊಡು.”

ಎರಡೇ ಗುಟುಕು. ಕಣ್ಣಲ್ಲಿ ನೀರು ಬರುವಷ್ಟು ಕಹಿಯಿತ್ತು. ರಯ್ಯಾ ಮುಖ ಕಿವುಚದೆ ನುಂಗಿ, ಖಾಲಿ ಕಪ್ಪನ್ನು ಮತ್ತೆ ಅಪ್ಪನ ಮುಂದೆ ಹಿಡಿದಳು.

“ಇನ್ನೂ ಸ್ವಲ್ಪ ಹಾಕು.”