ಅಳತೆ ರವಿಕೆ

"ಈ ರವಿಕೆ ನಿಮ್ದಲ್ಲ!"

ಅಳತೆಗೆಂದು ಕೊಟ್ಟ ರವಿಕೆಯನ್ನು ಬಿಡಿಸಿ ನೋಡಿದ್ದೇ ತಡ, ಯಲಹಂಕದ ಸಂತೆ ಬೀದಿಯ ಟೈಲರ್ ದಾಸಪ್ಪ ಹೇಳಿಬಿಟ್ಟ.

ಜಕ್ಕೂರಿನಿಂದ ನಡೆದು ಬಂದಿದ್ದ ಮುನಿಶಾಮಮ್ಮನ ಕಿವಿ ಬಿಸಿಯಾಯಿತು. ಹತ್ತೊಂಬತ್ತರ ಹುಡುಗಿ, ಸುಳ್ಳು ಹೇಳಿ ಅಭ್ಯಾಸವಿಲ್ಲ.

"ನಂದೇ! ಯುಗಾದಿ ಅಬ್ಬಕ್ಕೆ ಇದೇ ಅಳತೇಲಿ ಒಂದು ಬೇಕು."

ಅದು ಅವಳ ಹದಿಮೂರು ವರ್ಷದ ತಂಗಿಯದು. ಅರವತ್ತನಾಲ್ಕನೇ ಇಸವಿಯಲ್ಲಿ ಆ ಬೀದಿಯ ಟೈಲರುಗಳು ಹೆಂಗಸರಿಗೆ ಟೇಪು ಹಿಡಿಯುತ್ತಿರಲಿಲ್ಲ. ಹಳೆಯ ರವಿಕೆ ಕೊಟ್ಟರೆ ಅದೇ ಅಳತೆ.

ಎಲ್ಲಕ್ಕೂ ಕಾರಣ ಮನೆಯ ಗೋಡೆಗೆ ಅಂಟಿಸಿದ್ದ ಸಿನಿಮಾ ವಾರಪತ್ರಿಕೆಯ ಒಂದು ಹಾಳೆ. ನಟಿಯ ಚಿತ್ರದ ಕೆಳಗೆ ದಪ್ಪ ಅಕ್ಷರದಲ್ಲಿ, 'ಸೊಂಟ ಇಪ್ಪತ್ತೆರಡು ಇಂಚು!' ಅದನ್ನು ಓದಿದ ದಿನವೇ ಮುನಿಶಾಮಮ್ಮ ಮುದ್ದೆ ಬಿಟ್ಟಳು. ಮಜ್ಜಿಗೆ ಕುಡಿದು ದಿನ ತಳ್ಳಿದಳು. ಹಬ್ಬದೊಳಗೆ ತಂಗಿಯ ರವಿಕೆಯ ಅಳತೆಗೆ ಇಳಿಯಲೇಬೇಕೆಂಬ ಹಟ.

"ಉಣ್ಣದೋಳ ಮುಖದಾಗೆ ಕಳೆ ಎಲ್ಲಿಂದ ಬರ್ತದೆ?" ತಾಯಿ ಅಕ್ಕಯ್ಯಮ್ಮ ಬೈದು ಸುಸ್ತಾಗಿದ್ದಳು.

ಅಳತೆ ಕೊಟ್ಟು ಅಂಗಡಿಯ ಮೆಟ್ಟಿಲಿಳಿಯುವಾಗ ಕಣ್ಣಿಗೆ ಕತ್ತಲೆ ಬಂತು. ಕಂಬ ಹಿಡಿದು ನಿಂತಳು. ದಾಸಪ್ಪ ನೀರು ತಂದುಕೊಟ್ಟ. ಏನೂ ಕೇಳಲಿಲ್ಲ.

'ಮನಸ್ಸಿನಲ್ಲೇ ನಗ್ತಿದಾನೆ...' ಅಂದುಕೊಂಡಳು.

ಹಬ್ಬದ ಬೆಳಿಗ್ಗೆ ಹೊಸ ರವಿಕೆ ತೊಟ್ಟಳು. ಕೊಕ್ಕೆಗಳು ಒಂದೊಂದಾಗಿ ಸಲೀಸಾಗಿ ಕೂತವು!

ಗೆದ್ದವಳಿಗೆ ಹಸಿವು ಜಾಸ್ತಿ. ಮೂರು ಒಬ್ಬಟ್ಟು ಹೊಡೆದಳು. ಮರುದಿನದಿಂದ ಮುದ್ದೆಗೂ ಕೂತಳು. ಆದರೂ ರವಿಕೆ ಬಿಗಿಯಾಗಲಿಲ್ಲ. ಏಕೆಂದು ಅವಳು ಯೋಚಿಸಲೂ ಇಲ್ಲ.

ಆಮೇಲೆ ಆ ರವಿಕೆಯ ಕೊಕ್ಕೆ ಹದಿನೈದು ದಿನಕ್ಕೊಮ್ಮೆ ಕಿತ್ತುಹೋಗತೊಡಗಿತು. ಕೀಳುತ್ತಿದ್ದವಳು ಯಾರೆಂದು ಬೇರೆ ಹೇಳಬೇಕಿಲ್ಲ. ದಾಸಪ್ಪನೂ ಒಂದು ಕೊಕ್ಕೆಗೆ ಅರ್ಧ ಗಂಟೆ ತೆಗೆದುಕೊಳ್ಳುತ್ತಿದ್ದ.

ಒಂದು ದಿನ ಬಟ್ಟೆ ಮಡಚುವಾಗ ತಂಗಿಯ ರವಿಕೆಯ ಮೇಲೆ ತನ್ನದು ಬಿತ್ತು. ಎರಡೂ ಕಡೆ ಎರಡೆರಡು ಬೆರಳು ದೊಡ್ಡದು!

ಅವಳು ಇಳಿದೇ ಇರಲಿಲ್ಲ. ನಂಬಿದವನೇ ಮಂಗ ಮಾಡಿದ್ದ. ಅಳು ಒತ್ತರಿಸಿ ಬಂತು.

ನೇರ ಅಂಗಡಿಗೆ ಹೋಗಿ ಎರಡನ್ನೂ ಮಿಷನ್ನಿನ ಮೇಲೆ ಎಸೆದಳು. "ದಪ್ಪನೆ ಉಡುಗೀನ ಎಂಗೆ ಏಮಾರಿಸ್ದೆ ಅಂತ ನಗ್ತಿದ್ರಾ ಇಷ್ಟು ದಿನ?"

ದಾಸಪ್ಪ ಎದ್ದು ನಿಂತ. "ಮುಚ್ಚಿಟ್ಟಿದ್ದು ತಪ್ಪೇ. ಆದ್ರೆ ಅವತ್ತು ಈ ಕಂಬ ಹಿಡ್ಕೊಂಡ್ರಲ್ಲ... ಆ ಅಳತೆಗೆ ಹೊಲಿದ್ರೆ ಊಟ ಬಿಟ್ಟು ಸಾಯ್ತೀರ ಅಂತ ಹೆದರಿಕೆ ಆಯ್ತು."

"ಪತ್ರಿಕೇಲಿ ಬಂದ ಇಪ್ಪತ್ತೆರಡು ಇಂಚು ಸೊಂಟದ ನಟಿ ಸಾಯ್ಲಿಲ್ವಲ್ಲ?"

"ನಮ್ಮ ಗುರುಗಳು ಮೊಯಿನುದ್ದೀನ್ ಸಾಬ್ರು ಮದ್ರಾಸ್ ಸ್ಟುಡಿಯೋದಲ್ಲಿ ಹೊಲೀತಿದ್ರು. ಫೋಟೋ ತೆಗೆಯೋವಾಗ ನಟೀರ ಬೆನ್ನ ಹಿಂದೆ ಬಟ್ಟೆ ಬಿಗಿಯಾಗಿ ಹಿಡಿದು ಹತ್ತು ಪಿನ್ನು ಚುಚ್ತಿದ್ರಂತೆ. ಪತ್ರಿಕೇಲಿ ಬೆನ್ನು ಯಾರಿಗೆ ಕಾಣುತ್ತೆ, ಹೇಳಿ?"

ಮುನಿಶಾಮಮ್ಮನಿಗೆ ಹತ್ತು ಪಿನ್ನಿಗಾಗಿ ಎಷ್ಟು ದಿನದ ಮುದ್ದೆ ಬಿಟ್ಟೆ ಎಂದು ನೆನೆದು ನಾಚಿಕೆಯಾಯಿತು.

"ಟೇಪು ಇಡೀಲಿಲ್ಲ... ನನ್ನ ಅಳತೆ ನಿಮ್ಗೆ ಎಂಗೆ ಗೊತ್ತಾಯ್ತು?"

"ವರ್ಷದಿಂದ ಸಂತೆಗೆ ಈ ಬೀದೀಲೇ ಹೋಗ್ತೀರ. ನೋಡಿ ನೋಡಿ..." ದಾಸಪ್ಪ ತಲೆ ತಗ್ಗಿಸಿದ. "ಆ ಅಳತೆ ಕಡಿಮೆ ಆಗ್ಲಿ ಅಂತ ಒಂದಿನಾನೂ ಅನ್ನಿಸ್ಲಿಲ್ಲ. ನಮ್ಮವ್ವನ್ನ ನಿಮ್ಮನೆಗೆ ಕಳಿಸ್ಲಾ?"

ಬೀದಿಯಲ್ಲಿ ಗಾಡಿಯೊಂದು ಹೋಯಿತು. ಅವಳು ತಂಗಿಯ ರವಿಕೆಯನ್ನು ಮಡಚಿ ಸೆರಗಿನಲ್ಲಿಟ್ಟುಕೊಂಡಳು. ಇನ್ನೊಂದನ್ನು ಅವನ ಮುಂದೆ ಸರಿಸಿದಳು.

"ಇದ್ಯಾಕೆ?" ಅವನಿಗೆ ಅರ್ಥವಾಗಲಿಲ್ಲ.

"ಮದುವೆ ರವಿಕೆಗೆ ಅಳತೆ ಬೇಡ್ವಾ? ಇದು ನಂದೇ."