ಅಪ್ಪನಿಗೆ ಒಂದು ರೌಂಡ್

"ಅಪ್ಪ, ಮೋಸ! ಮೂಲೇಲಿ ಅಡ್ಡ ಹಾಯ್ದೆ! ಆ ರೌಂಡ್ ಲೆಕ್ಕಕ್ಕಿಲ್ಲ!"

ಅಪ್ಪ ಮೈದಾನದ ಕಲ್ಲುಬೆಂಚಿನ ಮೇಲೆ ಧೊಪ್ಪನೆ ಕೂತ. ಕೊರಳಲ್ಲಿ ಅಳತೆಯ ಟೇಪು ಇನ್ನೂ ನೇತಾಡುತ್ತಿತ್ತು. ಮಗಳು ಅವನನ್ನು ಟೈಲರ್ ಅಂಗಡಿಯಿಂದ ನೇರವಾಗಿ ಇಲ್ಲಿಗೆ ಎಳೆದು ತಂದಿದ್ದಳು.

"ಸಾಕು ಬಿಡೇ ಮಾನಿಟರಮ್ಮ. ದಿನವಿಡೀ ಮಿಷನ್ ತುಳಿಯೋ ಕಾಲು ಇದು. ಇದಕ್ಕೂ ವ್ಯಾಯಾಮ ಬೇಕಾ?"

"ಬೆಳಿಗ್ಗೆ ಸಿಗರೇಟ್ ಸೇದಿದ್ದೆ ತಾನೇ? ಹಾಗಾದ್ರೆ ಓಡು!"

ಕ್ಲಾಸಿನಲ್ಲಿ ಅವಳೇ ಮಾನಿಟರ್. ಆ ಗತ್ತು ಮನೆಗೂ ಬಂದಿತ್ತು. ಅಪ್ಪನ ಕೆಮ್ಮು ನೋಡಿ ಡಾಕ್ಟರಮ್ಮ, ಸಿಗರೇಟ್ ಬಿಡಲೇಬೇಕು, ಜೋರಾಗಿ ನಡೆದರೆ, ಓಡಿದರೆ ಬಿಡಲು ಸುಲಭವಾಗುತ್ತದೆ ಎಂದಿದ್ದರು. ಮಗಳಿಗೆ ಅಷ್ಟೇ ಸಾಕಾಯಿತು. ಶಾಲೆಗೆ ತಡವಾಗಿ ಬಂದವರನ್ನು ಪಿ.ಟಿ. ಸರ್ ಮೈದಾನದ ಸುತ್ತ ಓಡಿಸುತ್ತಿದ್ದರು. ಅದೇ ಕಾನೂನು ಅಪ್ಪನಿಗೂ ಬಂತು. ಸಿಗರೇಟಿಗೊಂದು ರೌಂಡ್!

ಬರಬರುತ್ತಾ ರೌಂಡುಗಳು ಕಡಿಮೆಯಾದವು. "ಇವತ್ತು ಒಂದೂ ಸೇದಿಲ್ಲ" ಎನ್ನುತ್ತಿದ್ದ ಅಪ್ಪ. ಮಗಳು ಉಬ್ಬಿಹೋದಳು. ಗೆಳತಿಯರ ಮುಂದೆಲ್ಲ ಜಂಬ ಕೊಚ್ಚಿಕೊಂಡಳು. ಆದರೆ ಕೆಮ್ಮು ಮಾತ್ರ ಜಪ್ಪಯ್ಯ ಎಂದರೂ ಹೋಗಲಿಲ್ಲ.

ಒಂದು ದಿನ ಶಾಲೆ ಬೇಗ ಬಿಟ್ಟಿತು. ಅಂಗಡಿಯಲ್ಲಿ ಅಪ್ಪ ಇರಲಿಲ್ಲ. ಅರ್ಧ ಹೊಲಿದ ಅಂಗಿಯ ತೋಳು ಮಿಷನ್ನಿನ ಸೂಜಿಯ ಕೆಳಗೇ ಇತ್ತು. ಹಿಂಬಾಗಿಲಿನಿಂದ ಹೊಗೆಯ ವಾಸನೆ ಬಂತು. ಅವಳು ಇಣುಕಿದಳು. ಅಪ್ಪ ಗಡಬಡಿಸಿ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟ.

"ಸುಮ್ನೆ ಗಾಳಿಗೆ ಬಂದೆ ಕಣೆ."

ಬೆನ್ನ ಹಿಂದಿನಿಂದ ಹೊಗೆ ಏಳುತ್ತಲೇ ಇತ್ತು. ಮಗಳಿಗೆ ನಗು ಬರಬೇಕಿತ್ತು, ಅಳು ಬಂತು.

"ನಂಗೆ ಯಾಕಪ್ಪ ಸುಳ್ಳು ಹೇಳ್ದೆ?"

ಅಪ್ಪ ಸಿಗರೇಟನ್ನು ನೆಲಕ್ಕೆ ಹಾಕಿ ಹೊಸಕಿದ. "ನಿಜ ಹೇಳಿದ್ರೆ ಎಲ್ರ ಮುಂದೆ ಓಡಿಸ್ತೀಯಲ್ಲ. ನಾಚಿಕೆ ಆಗ್ತಿತ್ತು."

ಮಗಳಿಗೆ ತನ್ನದೇ ಸುಳ್ಳು ನೆನಪಾಯಿತು. ಹೋದ ವಾರ ಅವಳೇ ಶಾಲೆಗೆ ತಡವಾಗಿ ಹೋಗಿದ್ದಳು. ರೌಂಡ್ ತಪ್ಪಿಸಿಕೊಳ್ಳಲು ಪಿ.ಟಿ. ಸರ್ ಹತ್ತಿರ ಹೊಟ್ಟೆನೋವು ಎಂದಿದ್ದಳು. ಹೊಟ್ಟೆಗೆ ಏನೂ ಆಗಿರಲಿಲ್ಲ.

ಮೂಗು ಒರೆಸಿಕೊಂಡು ಕೇಳಿದಳು, "ಡಾಕ್ಟರಮ್ಮ ಸರಿಯಾಗಿ ಏನಂದ್ರು?"

"ಸೇದ್ಬೇಕು ಅನ್ನಿಸಿದ ತಕ್ಷಣ, ಹಚ್ಚೋಕೆ ಮುಂಚೆ ನಡೀರಿ ಅಂದ್ರು. ಉಸಿರು ಜೋರಾಗೋ ಹಾಗೆ ನಡೆದ್ರೆ ಆಸೆ ಸ್ವಲ್ಪ ತಗ್ಗುತ್ತಂತೆ."

"ಮುಂಚೇನಾ? ನಾನು ಆಮೇಲೆ ಓಡಿಸ್ತಿದ್ದೆನಲ್ಲ! ಮೊದ್ಲೇ ಯಾಕೆ ಹೇಳ್ಲಿಲ್ಲ?"

"ನೀನೆಲ್ಲಿ ನನಗೆ ಮಾತಾಡೋಕೆ ಬಿಟ್ಟೆ?"

ಮರುದಿನ ಸಂಜೆ ಅವಳು ಅಂಗಡಿಯಲ್ಲಿ ಕೂತು ಹೋಮ್‌ವರ್ಕ್ ಮಾಡುತ್ತಿದ್ದಳು. ಇದ್ದಕ್ಕಿದ್ದಂತೆ ಮಿಷನ್ನಿನ ಸದ್ದು ನಿಂತಿತು. ಅಪ್ಪನ ಕೈ ಜೇಬಿನತ್ತ ಹೋಯಿತು. ಮಗಳು ತುಟಿ ಕಚ್ಚಿಕೊಂಡು ಸುಮ್ಮನಿದ್ದಳು.

ಅಪ್ಪ ಎದ್ದ. "ಬಾರೇ, ಒಂದು ಸುತ್ತು ನಡೆದು ಬರೋಣ."

ಪಕ್ಕದ ಚಪ್ಪಲಿ ಅಂಗಡಿಯವನಿಗೆ ತಮ್ಮ ಅಂಗಡಿಯ ಮೇಲೂ ಕಣ್ಣಿಟ್ಟಿರಲು ಹೇಳಿ ಇಬ್ಬರೂ ಹೊರಟರು. ಅಪ್ಪ ಬಿರಬಿರನೆ ನಡೆದ. ಮಗಳು ಹಿಂದೆ ಬೀಳದಿರಲು ಓಡಬೇಕಾಯಿತು. ಬೀದಿಯ ತಿರುವಿಗೆ ಬರುವಷ್ಟರಲ್ಲಿ ಇಬ್ಬರಿಗೂ ಏದುಸಿರು.

"ಆಸೆ ಹೋಯ್ತಾ?"

"ಇಲ್ಲ ಕಣೆ. ಇನ್ನೂ ಸೇದ್ಬೇಕು ಅನ್ನಿಸ್ತಿದೆ."

ಅವಳಿಗೆ ಸಿಟ್ಟು ಬರಲಿಲ್ಲ. ಅಪ್ಪ ಈ ಸಲ ನಿಜ ಹೇಳಿದ್ದ.

"ಹಾಗಾದ್ರೆ ಆ ಸೇತುವೆವರೆಗೂ ಹೋಗೋಣ" ಎಂದು ಅವಳು ಅಪ್ಪನ ಕೈ ಹಿಡಿದುಕೊಂಡಳು.