ಕೈಗೆಟಕುವ ಎತ್ತರ

"ಅಯ್ಯೋ!"

ಯಶಸ್ವಿನಿ ಎಳೆದದ್ದು ಒಂದೇ ಹಲಗೆ. ಗೋಡೆಗೆ ಒರಗಿಸಿದ್ದ ಅಷ್ಟೂ ಹಲಗೆಗಳು ಅವಳ ಮೇಲೆ ವಾಲಿದವು. ಕಣ್ಣು ಮುಚ್ಚಿಕೊಂಡಳು. ಏಟು ಬೀಳಲೇ ಇಲ್ಲ...

ಕಣ್ಣು ಬಿಟ್ಟರೆ, ಯಾರೋ ಒಬ್ಬ ಅಷ್ಟನ್ನೂ ಬೆನ್ನಿನಿಂದ ತಡೆದು ನಿಂತಿದ್ದಾನೆ! ಅವನ ಮುಖ ಇವಳ ಮುಖಕ್ಕೆ ಗೇಣು ದೂರ.

"ಪಕ್ಕಕ್ಕೆ ಸರೀರೀ... ನನ್ ಬೆನ್ನು ಮುರಿದೋಯ್ತದೆ!"

ಅವನೇ ಮಧುಕುಮಾರ್, ಕಟ್ಟಾಯ ಊರಿನ ಮರಗೆಲಸದವನು. ಕರೆಸಿದ್ದು ಯಶಸ್ವಿನಿಯ ಅಮ್ಮ ಕಮಲಾಕ್ಷಮ್ಮ.

"ಮರ ಇಡಾಕೆ ಗೋಡೆಗೊಂದು ಸ್ಟ್ಯಾಂಡ್ ಮಾಡ್ಕೊಡಪ್ಪಾ. ಇವ್ಳು ಎಲ್ಲಾ ಮಾರ್ಬುಡ್ತೀನಿ ಅಂತ ಕುಂತವ್ಳೆ."

ಹೊಳೆನರಸೀಪುರದಲ್ಲಿ ಯಶಸ್ವಿನಿ ಮಾಡುವ ತೊಟ್ಟಿಲೆಂದರೆ ಹೆಸರುವಾಸಿ. ಮನೆ ಹಿಂದಿನ ಈ ಶೆಡ್ಡೇ ಅವಳ ಲೋಕ. ಆದರೆ ಸ್ಕೂಟರ್‌ನಿಂದ ಬಿದ್ದು ಭುಜ ಮುರಿದ ಮೇಲೆ ಬಲಗೈ ಸೊಂಟಕ್ಕಿಂತ ಮೇಲೇಳುತ್ತಿರಲಿಲ್ಲ. ಇನ್ನು ಉಳಿ ಹಿಡಿಯುವುದೇ ಇಲ್ಲವೇನೋ ಎಂಬ ಭಯ ಅವಳನ್ನು ತಿನ್ನುತ್ತಿತ್ತು.

ಮಧು ಗೋಡೆಗೆ ಉದ್ದನೆಯ ಮರದ ಪಟ್ಟಿಗಳನ್ನು ನಿಲ್ಲಿಸಿದ. ಒಂದೊಂದು ತೂತನ್ನೂ ತುಸು ಓರೆಯಾಗಿ ಕೊರೆದ, ಅದಕ್ಕೆ ಸಿಕ್ಕಿಸುವ ಕಬ್ಬಿಣದ ಪೈಪಿನ ತುದಿ ಮೇಲೆದ್ದು, ಪೈಪಿನ ಮೇಲಿಟ್ಟ ಹಲಗೆ ಮುಂದಕ್ಕೆ ಜಾರದ ಹಾಗೆ. ನೋಡಬಾರದು ಅಂದುಕೊಂಡೇ ಅವಳು ನೋಡಿದಳು.

'ಎಷ್ಟು ಅಚ್ಚುಕಟ್ಟು! ಮರದ ಮೇಲೆ ಪ್ರೀತಿ ಇಲ್ಲದವನ ಕೈಯಲ್ಲ ಇದು...'

ಆದರೆ ಸಂಜೆ ಅವನು ಮರ ಜೋಡಿಸಿದಾಗ ಅವಳ ಮುಖ ಬಾಡಿತು. ಎಲ್ಲವೂ ಸೊಂಟದಿಂದ ಕೆಳಗೇ!

"ಕೈ ಮುರಿದೋಳು ಅಂತ ಕನಿಕರಾನಾ? ನಂಗೆ ಬೇಕಿಲ್ಲ. ಕಿತ್ತಾಕಿ!"

ಮಧು ಡ್ರಿಲ್ ಕೆಳಗಿಟ್ಟ. "ಕನಿಕರ ಪಡೋನು ಅಷ್ಟೊಂದು ತೂತು ಯಾಕ್ ಕೊರೀತಿದ್ದ? ಮೇಲಕ್ಕೆ ನೋಡ್ರೀ ಒಂದ್ಸಲ."

ಅವಳು ತಲೆಯೆತ್ತಿದಳು. ಪಟ್ಟಿಗಳುದ್ದಕ್ಕೂ, ಸೂರಿನ ತನಕ, ತೂತುಗಳ ಸಾಲು...

"ಪೈಪು ಕಿತ್ತು ಯಾವ ತೂತಿಗಾದ್ರೂ ಆಕ್ಬೋದು. ಕೈ ಎಷ್ಟು ಎದ್ರೆ ಅಷ್ಟಕ್ಕೆ ಏರಿಸ್ಕೊಂಡು ಓಗೋದು. ನಮ್ಮಕ್ಕನ ಮಗ ನೀವ್ ಮಾಡಿದ ತೊಟ್ಟಿಲಲ್ಲೇ ಮಲಗೋದು ಕಣ್ರೀ. ಆ ಕೈ ಇಷ್ಟಕ್ಕೇ ನಿಲ್ತದೆ ಅಂತ ನಾನಂತೂ ನಂಬಾಕಿಲ್ಲ."

ಅವಳ ಕಣ್ಣು ತುಂಬಿ ಬಂತು. ತಾನೇ ಕಳೆದುಕೊಂಡಿದ್ದ ನಂಬಿಕೆಯನ್ನು ಇವನು ಗೋಡೆಯ ಮೇಲೆ ಕೊರೆದಿಟ್ಟಿದ್ದ!

ಅಂದಿನಿಂದ ಯಶಸ್ವಿನಿ ಭುಜದ ವ್ಯಾಯಾಮ ಬಿಡಲಿಲ್ಲ. ಪೈಪುಗಳು ನಿಧಾನವಾಗಿ ಮೇಲೇರಿದವು. ಏರಿಸಿಕೊಡುವ ನೆಪದಲ್ಲಿ ಮಧು ಬರುತ್ತಲೇ ಇದ್ದ. ಅವನ ಬೈಕಿನ ಸದ್ದಿಗೆ ಅವಳೂ ಕಾಯತೊಡಗಿದಳು.

ಮಳೆಗಾಲ ಕಳೆದ ಒಂದು ಬೆಳಗ್ಗೆ ಅವಳೇ ಫೋನು ಮಾಡಿ ಕರೆಸಿದಳು. ಅವನೆದುರೇ ಬಲಗೈ ಎತ್ತಿ, ತಲೆಗಿಂತ ಮೇಲಿನ ತೂತಿಗೆ ಪೈಪು ಸಿಕ್ಕಿಸಿದಳು!

ಮಧು ಬಾಯಿ ತೆರೆದು ನಿಂತ. ಆಮೇಲೆ ಮೆಲ್ಲಗೆ ಅಂದ, "ಅಂಗಾದ್ರೆ... ಇನ್ನು ನಂಗಿಲ್ಲಿ ಕೆಲ್ಸ ಇಲ್ಲ."

"ಕೆಳಗೆ ನೋಡಿ."

ಅವಳ ಮರವೆಲ್ಲ ಮೇಲಿತ್ತು. ಕೆಳಗಿನ ಸಾಲಿನ ಪೈಪುಗಳು ಮಾತ್ರ ಬರಿದಾಗಿದ್ದವು.

"ಯಾಕೆ ಖಾಲಿ ಬಿಟ್ಟಿದ್ದೀರಿ?"

"ಅದು ನಿಮ್ಮ ಮರಕ್ಕೆ. ಕಟ್ಟಾಯದಿಂದ ತಂದ್ಬುಡಿ... ನಿಮ್ಮ ಉಳಿ, ಸುತ್ತಿಗೆ ಎಲ್ಲಾನೂವೆ."

ಅವನಿಗೆ ಅರ್ಥವಾಯಿತು. ಕಿವಿಯವರೆಗೂ ಕೆಂಪಾದ. "ನಿಮ್ಮಮ್ಮಂಗೆ ಏನಂತ ಹೇಳಾದು?"

"ಅಮ್ಮಂಗೆ ಎಲ್ಲಾ ಹೇಳಾಯ್ತು, ಆಗ್ಲೇ ಕಾಫಿಗೆ ಹಾಲಿಟ್ಟವ್ರೆ." ಯಶಸ್ವಿನಿ ಬಲಗೈ ಚಾಚಿದಳು. "ಒಳಕ್ಕೆ ಬಾ, ಮಧು."